ಹಾಲಪ್ಪ ಇಲ್ಲ ಅಂದ ಕಂಪ್ಯೂಟರು

ನಮ್ಮನೆಯಲ್ಲಿ ಮಗ, ಮೊಮ್ಮಗಳು ಮಾತು ಬಿಟ್ಟರೆ ತಪ್ಪು ಯಾರದು ಅಂತ ನಾನು ವಿಚಾರಿಸುವುದಿಲ್ಲ. ಒಂದು ಹೊತ್ತು ರೊಟ್ಟಿ ಬಡಿಯದೆ ಸುಮ್ಮನೆ ಕೂತರೆ ಸಾಕು, ತಾವೇ ಮಾತಾಡಿಕೊಂಡು ಅಡಿಗೆಮನೆಗೆ ಬರುತ್ತಾರೆ. ಆದರೆ ಉಣ್ಣದ, ತಿನ್ನದ ಎರಡು ವಸ್ತು ಮಾತು ಬಿಟ್ಟರೆ ಏನು ಮಾಡಬೇಕು ಅನ್ನೋದನ್ನು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಈ ವಯಸ್ಸಿನಲ್ಲಿ ಕಲಿಯಬೇಕಾಯಿತು.

ಪಿ.ಜೆ. ಬಡಾವಣೆಯಲ್ಲಿ ನಮ್ಮದು ಪಂಪ್‌ಸೆಟ್ ರಿಪೇರಿ ಅಂಗಡಿ, ಹಿಂದೆಯೇ ಮನೆ. ನಮ್ಮ ಮನೆಯವರು ಇದ್ದಾಗ ಹರಿಹರದ ಒಬ್ಬ ಕಂಪ್ಯೂಟರ್ ಮೇಷ್ಟ್ರ ಪಕ್ಕ ಕೂತು, ಹೇಳಿ ಹೇಳಿ ಒಂದು ಪ್ರೋಗ್ರಾಂ ಬರೆಸಿದ್ದರು. ಯಾವ ರೈತನ ಬೋರು ಎಷ್ಟು ಆಳ, ಯಾವ ಮೋಟರ್ ಇಳಿಸಿದೆ, ಎಷ್ಟು ಸಲ ಸುಟ್ಟಿದೆ, ಎಲ್ಲ ಅದರ ಹೊಟ್ಟೆಯಲ್ಲಿ. ಕಪ್ಪು ಪರದೆ, ಹಸಿರು ಇಂಗ್ಲಿಷ್ ಅಕ್ಷರ, ಮೂರು ಖಾಲಿ ಗೀಟು. ಏನು ತುಂಬಬೇಕು ಅಂತ ಎಲ್ಲೂ ಬರೆದಿಲ್ಲ. ತುಂಬುತ್ತಿದ್ದ ಹಳೇ ಗುಮಾಸ್ತರು ಈಗಿಲ್ಲ, ಬರೆಸಿದವರೂ ಇಲ್ಲ. ಅದು ಮಾತ್ರ ಮೂಲೆಯಲ್ಲಿ ಕೂತು ಗುಂಯ್ ಅನ್ನುತ್ತಿತ್ತು.

ಹೋದ ತಿಂಗಳು ಮಗ ಮಂಜು ಫೋನಿನಲ್ಲೇ ನಡೆಯುವ ಹೊಸ ಪ್ರೋಗ್ರಾಂ ಒಂದನ್ನು ತಂದು ನಮ್ಮ ಸೊಸೆ ಶೈಲಾಳ ಕೈಗೆ ಕೊಟ್ಟ. ಹೊಸದು ನೋಡಲು ಚೆಂದ, ಆದರೆ ಅದಕ್ಕೆ ಏನೂ ಗೊತ್ತಿಲ್ಲ. ಪ್ರತಿಯೊಂದಕ್ಕೂ ಹಳೇದನ್ನು ಕರೆದು ಕೇಳಬೇಕು. ಹೊಸ ಸೊಸೆಯ ಹಾಗೆ ಅನ್ನೋಣ ಅಂದರೆ, ಶೈಲಾ ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ.

ಮೊದಲ ಗಿರಾಕಿ ಮಾಯಕೊಂಡದ ಹಾಲಪ್ಪ. ಹೊಸದು ಕರೆಯಿತು, ಹಳೇದು ಅಂಥವರು ಯಾರೂ ಇಲ್ಲ ಅಂತು. ಹಾಲಪ್ಪ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದ. ನನ್ನ ಕಡೆ ತಿರುಗಿ, "ಯಜಮಾನ್ರು ಹೋದ್ರು, ಈಗ ನಾನೂ ಹೋದ್ನೇನ್ರಿ ಅಕ್ಕಾ?" ಅಂದ.

ಶೈಲಾ ಹೊಸದನ್ನು ಮಾಡಿಕೊಟ್ಟವರಿಗೆ ನಾಲ್ಕು ಸಲ ಫೋನ್ ಮಾಡಿದಳು. ನಮ್ಮದು ಸರಿಯಾಗಿಯೇ ಕರೀತದೆ, ನಿಮ್ಮ ಹಳೇದಕ್ಕೇ ಅರಳುಮರಳು ಅಂದರಂತೆ. ಮಂಜು ಬೇಸತ್ತು, ಸಂಜೆಯೊಳಗೆ ಸರಿಹೋಗದಿದ್ದರೆ ಅದನ್ನು ಗುಜರಿಗೆ ಹಾಕಿ ಎಲ್ಲ ಹೊಸದಾಗಿ ಬರೆದುಕೊಳ್ಳೋಣ ಅಂದ. ಹಾಕು, ನನಗೇನು ಅಂದೆ. ಅಂದು, ಟೀ ಲೋಟ ಹಿಡಿದು ಹಳೇದರ ಮೂಲೆಯಲ್ಲೇ ಹೋಗಿ ಕೂತೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಕೂತವಳು ಸುಮ್ಮನಿರಲಾರದೆ ಕೇಳಿದೆ: "ಹೊಸದು ಕರೆದು ಮೊದಲು ಏನಂತೈತೆ?"

"ಹೆಸರು ಹೇಳ್ತೈತೆ ಅತ್ತೆ. ಆಮೇಲೆ ಮನೆತನ, ಕೊನೆಗೆ ಊರು."

"ಹಂಗಾದ್ರೆ ಹೆಂಗೆ ಉತ್ತರ ಕೊಟ್ಟೀತು? ಊರು ಕೇಳದೆ ನಿಮ್ಮ ಮಾವ ಯಾರ ಹೆಸರೂ ಕಿವಿಗೆ ಹಾಕ್ಕೊಂಡೋರಲ್ಲ."

ನಿಜ. ಅಂಗಡಿಗೆ ಯಾರೇ ಬರಲಿ, ಮೊದಲು ಯಾವೂರು, ಆಮೇಲೆ ಯಾರ ಪೈಕಿ, ಟೀ ಆದ ಮೇಲೆ ಹೆಸರು. ಊರಿಗೆ ನಾಲ್ಕು ಹಾಲಪ್ಪ ಇರುತ್ತಾರೆ, ಬರೀ ಹೆಸರು ಕಟ್ಟಿಕೊಂಡು ಏನು ಮಾಡೋದು? ಪಾಪ ಹಳೇದು ಬೆಳಿಗ್ಗೆಯಿಂದ ಹಾಲಪ್ಪ ಅನ್ನೋ ಊರನ್ನು ಹುಡುಕುತ್ತಿತ್ತು.

ಶೈಲಾ ಹಿಂದುಮುಂದಾಗಿದ್ದನ್ನು ತಿರುಗಿಸಿದಳು. ಹಾಲಪ್ಪ ಸಿಕ್ಕ, ಮೂರು ಸಲ ಸುಟ್ಟ ಮೋಟರ್ ಸಮೇತ. ಮಂಜು ಗುಜರಿಯ ಮಾತು ನುಂಗಿಕೊಂಡು ಸ್ಪ್ಯಾನರ್ ಹುಡುಕಲು ಹೋದ.

ಎಲ್ಲ ಸರಿಯಿದೆಯೋ ನೋಡೋಣ ಅಂತ ಶೈಲಾ ಪಟ್ಟಿಯನ್ನು ಮೊದಲಿನಿಂದ ಓದಿದಳು. ಮೊದಲನೇ ಸಾಲು: ಹರಿಹರ, ಗಾಣದವರ ಪೈಕಿ, ಗಿರಿಜವ್ವ. ಬೋರಿನ ಆಳ ಇಲ್ಲ, ಮೋಟರ್ ಇಲ್ಲ.

"ಇದ್ಯಾರು ಅತ್ತೆ, ಬೋರೇ ಇಲ್ಲದ ಗಿರಾಕಿ?" ಅಂದವಳು ತಟ್ಟನೆ ನನ್ನ ಮುಖ ನೋಡಿದಳು.

ನಡೆಯುತ್ತೋ ಇಲ್ಲವೋ ಅಂತ ಪರೀಕ್ಷೆಗೆ ನಮ್ಮ ಮನೆಯವರು ತವರೂರಿನ ಸಮೇತ ನನ್ನನ್ನೇ ತುಂಬಿದ್ದಾರೆ. ಬದುಕಿದ್ದಷ್ಟು ದಿನ "ಏ, ಕೇಳಿಸ್ತೇನು" ಅಂತ ಕರೆದರೇ ಹೊರತು ಒಂದು ದಿನ ನನ್ನ ಹೆಸರು ಹಿಡಿದವರಲ್ಲ. ಕೊನೆಗೂ ಹೇಳಿದ್ದು ಕಂಪ್ಯೂಟರಿಗೆ. ಅಲ್ಲೂ ಮೂರನೇದಾಗಿ.

"ಆಳ ಎಷ್ಟಂತ ಬರೀಲಿ ಅತ್ತೆ?" ಅಂತ ಶೈಲಾ ಚುಚ್ಚಿದಳು.

"ಸಂಸಾರ ಮಾಡಿದೋರಿಗೇ ಗೊತ್ತಾಗ್ಲಿಲ್ಲ, ನೀನೇನು ಬರೀತಿ? ಖಾಲಿ ಬಿಡು."

ಗದರಿದ್ದೇನೋ ಗದರಿದೆ. ಆಮೇಲೆ, ಫ್ಯಾನಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ ಅಂತ ಹೇಳಿ ಆ ಸಾಲನ್ನು ಅವಳ ಕೈಲಿ ಮತ್ತೆರಡು ಸಲ ಓದಿಸಿದೆ. ಇನ್ನೂ ಒಂದು ಸಲ ಕೇಳುವ ಮನಸ್ಸಿತ್ತು, ಆದರೆ ಹೊರಗಿನವರ ಎದುರಿಗೆ ಹೇಗೆ ಕೇಳೋದು? ಹಾಲಪ್ಪ ಸ್ಟೂಲು ಬಿಟ್ಟು ಏಳಲೇ ಇಲ್ಲ.