ಅಲೆ ಉಳಿಸಿದ ಒಬ್ಬಟ್ಟು

ದೆಹಲಿಯಲ್ಲಿ ಕಾನೂನು ಮಾಡಿದರೆ ಗುಬ್ಬಿಯ ನನ್ನ ಅಡುಗೆಮನೆ ಬೀದಿಗೆ ಬರುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ.

ನನ್ನ ಮಗ ರವಿಕಿರಣ್ ಒಂದು ಪುಟ್ಟ ಟಿವಿ ಚಾನೆಲ್ ನಡೆಸುತ್ತಾನೆ. ತುಮಕೂರು, ಗುಬ್ಬಿ, ಕುಣಿಗಲ್ ದಾಟಿದರೆ ಕಾಣುವುದಿಲ್ಲ. ಅದು ಗಾಳಿಯಲ್ಲಿ ಹರಿದು ಬರುವ ಅಲೆಯ, ಅಂದರೆ ತರಂಗದ ಮೇಲೆ ದೊಡ್ಡ ಕಂಪನಿಯೊಂದರ ಕಣ್ಣು ಬಿತ್ತು. (ಗಾಳಿಗೂ ಪಹಣಿ ಇರುತ್ತದೆಂದು ನನಗೆ ಗೊತ್ತಾದದ್ದೇ ಆಗ.) ಸಣ್ಣವರ ಅಲೆ ಸಣ್ಣವರಿಗೇ ಉಳಿಯಲಿ ಎಂದು ಕಾನೂನು ತಯಾರಾಗುತ್ತಿತ್ತು. ಜನರ ಅಭಿಪ್ರಾಯ ಕೇಳಲು ದೆಹಲಿಯ ಸಾಹೇಬರು ತುಮಕೂರಿಗೆ ಬಂದು ಸಭೆ ಕರೆದರು.

"ಅವ್ವ, ನಮ್ಮೂರ ಸುದ್ದಿ ಚೆನ್ನಾಗಿ ಬರ್ತದೆ ಅಂತ ಹೇಳಿ ಕೂತ್ಕೊ. ಅಷ್ಟೇ ಕಣವ್ವ," ಎಂದು ಮಗ ನನ್ನನ್ನೂ ಸಭೆಗೆ ಕರೆದೊಯ್ದ.

ಮೈಕು ಕೈಗೆ ಬಂದ ಮೇಲೆ ಅಷ್ಟಕ್ಕೇ ಕೂರಲಾದೀತೆ?

"ಸ್ವಾಮಿ, ನನ್ ಮಗ ಬಲು ಜಾಣ. ಶುಕ್ರವಾರ ಟಾಕೀಸಿಗೆ ಬಂದ ಸಿನ್ಮಾನ ಭಾನುವಾರಕ್ಕೆಲ್ಲ ಟಿವೀಲಿ ಹಾಕ್ತಾನೆ! ಟಿಕೀಟೇ ಬ್ಯಾಡ. ಆ ದೊಡ್ ಕಂಪ್ನಿಯೋರು ಹಾಕ್ಲಿ ನೋಡಣ!"

ಸಭೆ ಗೊಳ್ಳೆಂದಿತು. ಸಾಹೇಬರು ಬರೆದುಕೊಂಡರು. ಮಗ ಕುರ್ಚಿಯಡಿ ಬಗ್ಗಿ ಪೆನ್ನು ಹುಡುಕತೊಡಗಿದ. ಸಭೆ ಮುಗಿದರೂ ಅದು ಸಿಗಲಿಲ್ಲ.

ಕಾನೂನೇನೋ ಬಂತು, ಅಲೆಯೂ ಉಳಿಯಿತು. ಆದರೆ ಬಾಲದಲ್ಲಿ ಷರತ್ತು: ಕದ್ದ ಸಿನಿಮಾ ಕೂಡದು, ದಿನವೂ ಸ್ಥಳೀಯರದೇ ಕಾರ್ಯಕ್ರಮ ಲೈವ್ ಆಗಬೇಕು, ತಪ್ಪಿದರೆ ಅಲೆ ವಾಪಸ್ಸು.

"ಇನ್ನೇನ್ ತೋರುಸ್ಲಿ? ಎಲ್ಲಾ ನಿನ್ ಬಾಯಿಂದ!" ಎಂದು ಮಗ ತಲೆ ಚಚ್ಚಿಕೊಂಡ.

"ಹಂಗಾದ್ರೆ ಆ ಬಾಯ್ನೇ ತೋರ್ಸಿ," ಎಂದಳು ಸೊಸೆ ಸ್ವರ್ಣಲತಾ. "ಅತ್ತೆ ಅಡ್ಗೆ ಮಾಡ್ಲಿ. ನೋಡೋರು ಫೋನ್ ಮಾಡ್ಲಿ."

ಕ್ಯಾಮೆರಾ ಒಲೆಯ ಪಕ್ಕಕ್ಕೇ ಬಂತು. ಮೊದಲ ದಿನ ಒಬ್ಬಟ್ಟು. ಹೂರಣ ತುಂಬುವ ಭರಾಟೆಯಲ್ಲಿ ಎದುರಿಗಿದ್ದ ಆ ಒಂಟಿಕಣ್ಣು ಮರೆತೇ ಹೋಯಿತು.

"ಹಿಂಗ್ ತೆಳ್ಳಗೆ ತಟ್ಬೇಕು ಕಣೇ. ಕುಣಿಗಲ್‌ನಾಗೆ ನಮ್ ನಾದಿನಿ ಮಾಡ್ತಾಳಲ್ಲ, ಅದ್ನ ಚಪ್ಲಿಗೆ ಅಟ್ಟೆ ಹೊಡುಸ್ಬೋದು!"

"ಅತ್ತೇ, ಲೈವು..."

"ಲೈವೋ ಗೀವೋ! ಇರೋದ್ ಹೇಳಕ್ಕೇನು?"

ಫೋನು ಬಡಿದುಕೊಂಡಿತು. ಸೊಸೆ ಸ್ಪೀಕರಿಗೆ ಹಾಕಿದಳು. ನಾದಿನಿ ಸಿದ್ದಲಕ್ಷ್ಮಮ್ಮ!

"ಅತ್ಗೆ, ಪ್ರೋಗ್ರಾಂ ಚೆಂದಾಗದೆ. ನಾಳೆ ನಾನೂ ಬತ್ತೀನಿ. ನೀನು ಮದ್ವೆಯಾಗಿ ಬಂದ ಹೊಸದ್ರಲ್ಲಿ ಕಟ್ಟಿದ ಮುದ್ದೆ ಒಡೆಯಕ್ಕೆ ನಮ್ಮಣ್ಣ ಸುತ್ಗೆ ಹುಡುಕ್ದನಲ್ಲ, ಆ ಕತೆ ಗುಬ್ಬಿಯೋರ್ಗೂ ಗೊತ್ತಾಗ್ಲಿ."

ಕ್ಯಾಮೆರಾ ಹಿಂದೆ ಮಗ ಕುಣಿದಾಡಿದ: "ಅವ್ವಾ, ನಾಳೇದು ಫಿಕ್ಸು!"

ಬೇಡ ಎಂದರೆ ಮಗನ ಅಲೆ ಹೋಗುತ್ತದೆ. ಜಿಲ್ಲೆಯ ಎದುರಿಗೆ ಹಲ್ಲು ಕಿರಿದು, "ಬಾರವ್ವ, ಬೆಳಗಿನ ಬಸ್ಸಿಗೇ ಬಾ," ಎಂದೆ.