ಮನವಿಯೂ ನನ್ನದೇ, ಉತ್ತರವೂ ನನ್ನದೇ

ನನ್ನಂಥ ಪುಕ್ಕಲರು ಸರ್ಕಾರಿ ನೌಕರಿಗೆ ಸೇರಬಾರದು. ಸೇರಿದರೂ ನೌಕರರ ಸಂಘಕ್ಕಂತೂ ಸೇರಲೇಬಾರದು. ನಾನು ಎರಡಕ್ಕೂ ಸೇರಿದವನು. ಸೇರದಿದ್ದರೆ ಸಂಘದವರು ಏನೆಂದುಕೊಂಡಾರೋ ಎಂದು ಹೆದರಿ ಸದಸ್ಯನಾದೆ. ಆದ ಮೇಲೆ ಮೇಲಧಿಕಾರಿಗಳು ಏನೆಂದುಕೊಂಡಾರೋ ಎಂದು ಹೆದರುತ್ತಾ ಬಂದೆ. ಮನೆಯಲ್ಲೂ ಇದೇ ಕಥೆ. ಗಾಂಧಿ ಬಜಾರಿನಿಂದ ತಂದ ತೆಂಗಿನಕಾಯಿ ಕೆಟ್ಟಿದ್ದರೆ ವಾಪಸು ಕೊಟ್ಟು ಬರುವ ಧೈರ್ಯ ನನಗಿಲ್ಲ. ನನ್ನ ಹೆಂಡತಿ ಅದೇ ಕಾಯಿ ಹಿಡಿದು ಎನ್.ಆರ್. ಕಾಲೋನಿಯ ನಮ್ಮ ಮನೆಯಿಂದ ದಡದಡ ನಡೆದು ಹೋಗಿ, ಬದಲಿಗೆ ಒಳ್ಳೆಯ ಕಾಯಿಯನ್ನೂ ಮೇಲೊಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ತರುತ್ತಾಳೆ. ನ್ಯಾಯವಾಗಿ ಸಂಘಕ್ಕೆ ಅವಳು ಸೇರಬೇಕಿತ್ತು.

ಶೇಷಾದ್ರಿಪುರದ ನಮ್ಮ ಕಚೇರಿಯಲ್ಲಿ ನಾವು ಕೂರುವುದು ಕೆಳಗೆ, ರೆಕಾರ್ಡ್ ರೂಮು ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕಡತಗಳೆಲ್ಲ ಕಂಪ್ಯೂಟರಿಗೆ ಹೋಗಿವೆ ಎನ್ನುತ್ತಾರೆ. ನಮ್ಮಲ್ಲಿ ಅರ್ಧ ಹೋಗಿದ್ದವು, ಉಳಿದರ್ಧ ಅಟೆಂಡರ್ ಗಂಗಮ್ಮನವರ ಸೊಂಟದ ಮೇಲಿದ್ದವು. ನಿವೃತ್ತಿಗೆ ಎರಡೇ ವರ್ಷ ಉಳಿದಿರುವ ಹೆಂಗಸು, ಕಳೆದ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಂಡಿ ಊದಿಸಿಕೊಂಡರು. ರಜೆ ಮುಗಿಸಿ ಬಂದ ಮೇಲೂ ಗೋಡೆ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ‘ಅಯ್ಯಪ್ಪಾ’ ಎನ್ನುತ್ತಾ ಹತ್ತುತ್ತಿದ್ದರು. ಅದನ್ನು ಕೇಳಿಸಿಕೊಂಡು ಕೆಳಗೆ ಕೂತಿರಲು ನನಗೆ ನಾಚಿಕೆಯಾಗುತ್ತಿತ್ತು. ಎದ್ದು ಹೋಗಿ ಯಾರಿಗಾದರೂ ಹೇಳಲು ಹೆದರಿಕೆಯಾಗುತ್ತಿತ್ತು.

ಒಂದು ದಿನ ಸಂಘದ ಅಧ್ಯಕ್ಷ ಬಸವರಾಜಪ್ಪನವರು ನನ್ನ ಪಕ್ಕ ಬಂದು ಕೂತರು. “ರೆಕಾರ್ಡ್ ರೂಮ್ ಕೆಳಗೆ ತರ್ಲಿ ಅಂತ ಒಂದು ಮನವಿ ಕೊಡೋಣ. ನಿಮ್ಮ ಕನ್ನಡ ಚೆನ್ನಾಗಿದೆ, ನೀವೇ ಬರ್ಕೊಡಿ.”

“ನನ್ನ ಹೆಸ್ರು ಎಲ್ಲೂ ಬರ್ಬಾರ್ದು.”

“ಟೈಪ್ ಮಾಡಿಸ್ತೀನಿ, ಸಹಿ ನಾನ್ ಹಾಕ್ತೀನಿ. ನಿಮ್ಮನ್ನೇನು ನೇಣಿಗೆ ಹಾಕ್ತಾರೇನ್ರೀ?”

ನೇಣಿಗಲ್ಲ, ಬೀದರಿಗೆ ಹಾಕುತ್ತಾರೆ. ಬೀದರ್ ಒಳ್ಳೆಯ ಊರೇ ಇರಬಹುದು, ಆದರೆ ಮಲ್ಲೇಶ್ವರ ದಾಟಿದರೇ ನನಗೆ ಹೊಟ್ಟೆ ಕೆಡುತ್ತದೆ. ಆದರೂ ಭಾನುವಾರ ಮಧ್ಯಾಹ್ನ ಕೋಣೆಯ ಚಿಲಕ ಹಾಕಿಕೊಂಡು ಬರೆದೆ. ಹೆಸರು ಹಾಕಬೇಕಿಲ್ಲ ಎಂದೊಡನೆ ಎಲ್ಲಿಂದ ಬಂತೋ ಆವೇಶ! ‘ಮಾನ್ಯ ಅಧಿಕಾರಿಗಳು ಒಂದೇ ಒಂದು ದಿನ ಕಡತ ಹೊತ್ತು ಈ ಮೆಟ್ಟಿಲು ಹತ್ತಿ ನೋಡಲಿ’ ಎಂದು ಕೊನೆಗೆ ಗುಡುಗಿಬಿಟ್ಟೆ. ಗುಡುಗಿದ ಮೇಲೆ ಎರಡು ಲೋಟ ನೀರು ಕುಡಿದೆ.

ಸೋಮವಾರ ಮನವಿ ಹೋಯಿತು. ಮಂಗಳವಾರ ಬೆಳಿಗ್ಗೆ ಮೇಡಂ ಕರೆಸಿದರು. ನಮ್ಮ ಅಧಿಕಾರಿ ಹೆಚ್ಚು ಮಾತಾಡದ ಹೆಂಗಸು, ಅದಕ್ಕೇ ನನಗೆ ಇನ್ನಷ್ಟು ಭಯ. ಮೇಜಿನ ಮೇಲೆ ನನ್ನ ಮನವಿ, ನಾನು ಗುಡುಗಿದ ಸಾಲಿನ ಕೆಳಗೆ ಕೆಂಪು ಗೆರೆ.

“ಓದಿ” ಎಂದರು. ತಾನೇ ಬರೆದದ್ದನ್ನು ಮೊದಲ ಸಲ ನೋಡುವವನಂತೆ ಹುಬ್ಬೇರಿಸುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

“ಯಾರು ಬರ್ದಿರ್ಬೋದು?”

“ಗೊತ್ತಿಲ್ಲ ಮೇಡಂ. ಸಹಿ ಅಧ್ಯಕ್ಷರದು.”

“ಹ್ಞೂಂ. ಸಿಬ್ಬಂದಿ ವಿಷಯ ನೋಡೋರು ನೀವೇ ಅಲ್ವಾ? ಏನ್ ಉತ್ತರ ಕೊಡ್ಬಹುದು ಅಂತ ಟಿಪ್ಪಣಿ ಹಾಕಿ.”

ಈಗ ಹೇಳಿ, ನಾನೇನು ಮಾಡಬೇಕಿತ್ತು? ಪರವಾಗಿ ಬರೆದರೆ ಕಳ್ಳ ಸಿಕ್ಕಿಬೀಳುತ್ತಾನೆ. ಅದಕ್ಕೇ ಯಾರಿಗೂ ಸಂಶಯ ಬಾರದಂತೆ, ನನ್ನ ಮನವಿಯನ್ನು ನಾನೇ ಚಿಂದಿ ಮಾಡಿದೆ. ಜಾಗವಿಲ್ಲ ಎಂದೆ, ಪೂರ್ವನಿದರ್ಶನವಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ‘ಅಲ್ಲದೆ, ಮೆಟ್ಟಿಲು ಹತ್ತಿ ಇಳಿಯುವುದು ನೌಕರರ ಆರೋಗ್ಯಕ್ಕೂ ಹಿತಕರವಾದ್ದರಿಂದ ಮನವಿಯನ್ನು ತಿರಸ್ಕರಿಸಬಹುದು’ ಎಂದು ಸೇರಿಸಿ ಸಹಿ ಹಾಕಿದೆ. ಹಾಕುವಾಗಲೇ ಮೇಲಿನಿಂದ ಗಂಗಮ್ಮನವರ ‘ಅಯ್ಯಪ್ಪಾ’ ಕೇಳಿಸಿತು. ಕಿವಿಗೆ ಬಿದ್ದರೂ ಬೀಳದವನಂತೆ ಕಡತ ಕಟ್ಟಿದೆ.

ಮೇಡಂ ಓದಿ ಕನ್ನಡಕ ತೆಗೆದರು. “ಇದನ್ನ ಬರೆಯೋಕೆ ನಿಮ್ಗೆ ಮನಸ್ಸಾದ್ರೂ ಹೇಗ್ ಬಂತ್ರೀ? ನಾನು ಇವತ್ತು ನಾಲ್ಕು ಕಡತ ಹಿಡ್ಕೊಂಡು ಮೇಲಕ್ ಹತ್ತಿದೆ. ಏದುಸಿರು ಬಂತು. ಆ ಮನವಿ ಬರೆದೋರಿಗೆ ಕರುಳಿದೆ. ನಿಮ್ಗೆ?”

ನನಗೂ ಇದೆ ಮೇಡಂ, ಅದು ನಾನೇ ಮೇಡಂ ಎಂದು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಅವರು ನನ್ನ ಟಿಪ್ಪಣಿಯ ಕೆಳಗೆ ‘ಒಪ್ಪುವುದಿಲ್ಲ. ಕೂಡಲೇ ಕೆಳಗೆ ಸ್ಥಳಾಂತರಿಸಿ’ ಎಂದು ಬರೆದರು.

ವಾರದೊಳಗೆ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಕೆಳಗಿನ ಕೋಣೆ ಖಾಲಿಯಾಗಿ ರೆಕಾರ್ಡ್ ರೂಮಾಯಿತು. ಸಂಘದ ಸಭೆಯಲ್ಲಿ ಬಸವರಾಜಪ್ಪನವರು ಸಂತೋಷ ತಡೆಯಲಾರದೆ “ಬರೆದ ಪುಣ್ಯಾತ್ಮರು ಇವ್ರೇ!” ಎಂದು ನನ್ನನ್ನು ಎಳೆದು ನಿಲ್ಲಿಸಿ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನೆನಪಾದದ್ದು ಕಡತದಲ್ಲಿದ್ದ ನನ್ನ ಟಿಪ್ಪಣಿ. ಟಿಪ್ಪಣಿ ಹಾಳೆಗೆ ಪುಟಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ. ಆ ಕಡತ ಮುಗಿದ ಮೇಲೆ ಹೋಗುವುದು ರೆಕಾರ್ಡ್ ರೂಮಿಗೆ. ಜೋಡಿಸುವವರು ಗಂಗಮ್ಮ. ಅವರು ಏಳನೇ ಕ್ಲಾಸು ಪಾಸು, ಒಳಗೇನಿದೆಯೆಂದು ಓದದೆ ಯಾವ ಕಡತವನ್ನೂ ಇಡುವವರಲ್ಲ.

ಮಾರನೆಯ ದಿನ ಬಂದು ನನ್ನ ಮೇಜಿನ ಮುಂದೆ ನಿಂತರು. “ನಿಮ್ ಟಿಪ್ಪಣಿ ಓದ್ದೆ ಸಾರ್.”

ಕುರ್ಚಿಯಿಂದ ಅರ್ಧ ಎದ್ದೆ. “ಗಂಗಮ್ಮ, ಅದು... ಹೆದರಿಕೆಗೆ...”

“ಗೊತ್ತು ಬಿಡಿ ಸಾರ್. ಯಾರ್ಗೂ ಹೇಳಲ್ಲ.” ದನಿ ತಗ್ಗಿಸಿದರು. “ಒಂದ್ ಮಾತು. ಮುಂದಿನ್ ಸಲ ಮನವಿ ನಾನೇ ಬರೀತೀನಿ, ನೀವು ಉತ್ರ ಮಾತ್ರ ಬರೀರಿ. ನೀವು ಬೇಡ ಅಂತ ಬರೆದ್ರೆ ಮೇಡಂ ಖಂಡಿತಾ ಕೊಡ್ತಾರೆ.”

ಈಗ ಹೆಂಗಸರ ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಬೇಕೆಂಬ ಮನವಿ ನನ್ನ ಮುಂದಿದೆ. ಅಕ್ಷರ ಗಂಗಮ್ಮನವರದು, ಕೆಳಗೆ ಅವರದೇ ಹೆಸರು, ದಪ್ಪಗೆ. ‘ಒಪ್ಪಬಹುದು’ ಎಂದು ಬರೆಯಲು ಪೆನ್ನು ಎತ್ತುತ್ತೇನೆ. ನಾನು ಒಪ್ಪಿದ್ದನ್ನು ನೋಡಿ ಮೇಡಂ ಬೇಡವೆಂದುಬಿಟ್ಟರೆ ಎಂದು ಹೆದರಿ ಕೆಳಗಿಡುತ್ತೇನೆ.