ಅತ್ತೆಯ ಕತ್ತರಿಗೆ ಸಿಕ್ಕ ಟೀ ಶರ್ಟುಗಳು

ನಮ್ಮತ್ತೆಯ ಎದುರಿಗೆ ದೊಗಳೆ ಟೀ ಶರ್ಟು ಹಾಕಿಕೊಂಡು ಬರಬೇಡಿ. ಬಂದರೆ ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ! ನೀವು ಯಾರು, ಯಾವೂರಿನವರು, ಊಟ ಆಗಿದೆಯೋ ಇಲ್ಲವೋ, ಇದೆಲ್ಲವನ್ನೂ ಅವರು ಆಮೇಲೆ ಕೇಳುತ್ತಾರೆ. ಮೊದಲು ಅವರ ಕಣ್ಣು ನಿಮ್ಮ ಹೆಗಲಿನಿಂದ ಸೊಂಟದವರೆಗೆ ಒಮ್ಮೆ ಇಳಿಯುತ್ತದೆ. ಮುಂಭಾಗದಲ್ಲಿ ಒಂದು ಕೈಚೀಲ, ಬೆನ್ನಿನಲ್ಲಿ ಎರಡು ಒರೆಸುವ ಬಟ್ಟೆ, ತೋಳಿನಲ್ಲಿ ನಲ್ಲಿಯ ಬಾಯಿಗೆ ಕಟ್ಟುವ ಚೀಲ. ಅಳತೆ ಮುಗಿದ ಮೇಲೆಯೇ "ಬರ್ರಿ, ಕುಂಡ್ರಿ" ಎನ್ನುವುದು.

ನಾವಿರುವುದು ಗಡಿಯಾಚೆಯ ಇಚಲಕರಂಜಿಯಲ್ಲಿ. ಹಗಲೂ ರಾತ್ರಿ ಮಗ್ಗ ಬಡಿಯುವ ಊರು. ಊರಿಗೆ ಊರೇ ಬಟ್ಟೆ ನೇಯ್ದು ದೇಶಕ್ಕೆ ಕಳಿಸುತ್ತದೆ. ನಮ್ಮತ್ತೆ ಮಾತ್ರ ಗಡಹಿಂಗ್ಲಜದಿಂದ ಮದುವೆಯಾಗಿ ಬಂದಂದಿನಿಂದ ಒಂದು ಗೇಣು ಒರೆಸುವ ಬಟ್ಟೆಯನ್ನೂ ಕೊಂಡವರಲ್ಲ. ಕೊಳ್ಳುವ ಅಗತ್ಯವಾದರೂ ಏನಿದೆ? ನನ್ನ ಗಂಡ ನೂಲಿನ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ನೂಲಿನ ಕಂಪನಿಯವರು, ಗಣಪತಿ ಮಂಡಳದವರು, ಚುನಾವಣೆಗೆ ನಿಂತವರು, ಎಲ್ಲರೂ ಅವರಿಗೆ ಪುಕ್ಕಟೆ ಟೀ ಶರ್ಟು ಕೊಡುತ್ತಾರೆ. ಪುಕ್ಕಟೆ ಟೀ ಶರ್ಟಿಗೆ ಜಗತ್ತಿನಲ್ಲಿ ಒಂದೇ ಅಳತೆ, ಆನೆಯದು! ನನ್ನ ಗಂಡನೋ ಜೋಳದ ದಂಟು. ಹಾಕಿಕೊಂಡರೆ ಬಿದಿರು ಕೋಲಿನ ಮೇಲೆ ಒಣಹಾಕಿದ ಹಾಗೆ ಕಾಣುತ್ತದೆ.

ಒಂದು ಸಲ ಅವರು ಮನೆಯೆಲ್ಲ ತಡಕಾಡಿ, "ಅವ್ವಾ, ನನ್ನ ನೀಲಿ ಟೀ ಶರ್ಟ್ ಎಲ್ಲಿ ಐತಿ?" ಎಂದು ಕೂಗಿದರು.

"ಅದರ ಮ್ಯಾಲೆ ನಿಂತೀಯಲ್ಲೋ!" ಎಂದರು ಅತ್ತೆ.

ನೋಡಿದರೆ ಕಾಲೊರಸು. ನೀಲಿ ಬಟ್ಟೆಯನ್ನು ಉದ್ದುದ್ದ ಪಟ್ಟಿ ಮಾಡಿ, ಜಡೆ ಹೆಣೆದು, ಚಕ್ಕುಲಿಯ ಹಾಗೆ ಸುತ್ತಿ ಹೊಲಿದಿದ್ದರು. ಗಂಡ ಕಾಲೆತ್ತಿ, ತಮ್ಮ ಅಂಗಿಗೆ ತಾವೇ ಕ್ಷಮೆ ಕೇಳಿಕೊಂಡು ದಾಟಿದರು.

ಇನ್ನೊಂದು ಸಲ ಚುನಾವಣೆಯ ಟೀ ಶರ್ಟು ನೆಲ ಒರೆಸಲು ಬಂತು. ಕತ್ತರಿ ಎಂಥ ಜಾಗದಲ್ಲಿ ಹೋಗಿತ್ತೆಂದರೆ, ಅಭ್ಯರ್ಥಿಯ ಮುಖ ಪೂರ್ತಿಯಾಗಿ, ನಗುನಗುತ್ತಾ, ಬಟ್ಟೆಯ ನಟ್ಟನಡುವೆ ಉಳಿದಿತ್ತು. ಪಕ್ಕದ ಓಣಿಯ ಕಾರ್ಯಕರ್ತ ಅದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಕಾಕೂ, ಹೇ ಕಾಯ, ಏನಿದು? ಸಾಹೇಬರ ಮಾರಿಲೆ ನೆಲಾ ಒರಸ್ತೀರಿ?"

"ಆರಿಸಿ ಬಂದ ಮ್ಯಾಲೆ ನಮ್ಮ ಓಣಿಗೆ ಏನೂ ಮಾಡ್ಲಿಲ್ಲಪಾ ಅಂವ. ಈಗರ ಸ್ವಲ್ಪ ಸ್ವಚ್ಛ ಮಾಡ್ಲಿ."

ನಾನು ಮದುವೆಯಾಗಿ ಬರುವಾಗ ಕಾಲೇಜಿನ ದಿನಗಳ ಒಂದು ಟೀ ಶರ್ಟು ತಂದಿದ್ದೆ. ಒಮ್ಮೆ ಹಾಕಿಕೊಂಡಿದ್ದಷ್ಟೆ. "ಸೊಸಿ ಮೈಮ್ಯಾಲೆ ಇದು ಶೋಭಸೂದಿಲ್ಲ" ಎಂದರು. ಮರುವಾರ ಅದರೊಳಗೆ ಹತ್ತಿ ತುಂಬಿ, ಅದರ ಮೇಲೆ ಮಾವ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಯಾರಿಗೆ ಹೇಳುವುದು?

ಹೀಗೆ ನಗುತ್ತ ಇದ್ದೆವು. ಒಂದು ದಿನ ಸ್ನಾನ ಮಾಡುವಾಗ ನನ್ನ ಎಡಗಡೆಯ ಎದೆಯಲ್ಲಿ ಕಡಲೆಕಾಳಿನಂಥದ್ದು ಕೈಗೆ ಸಿಕ್ಕಿತು. ಇಲ್ಲಿಯ ಡಾಕ್ಟರು ಕೊಲ್ಹಾಪುರಕ್ಕೆ ಬರೆದುಕೊಟ್ಟರು. ಕೊಲ್ಹಾಪುರದವರು ಸೂಜಿ ಚುಚ್ಚಿ ನೋಡಿ, ಆ ಎದೆಯನ್ನೇ ತೆಗೆಯಬೇಕೆಂದರು. ತೆಗೆದರು. ಇಷ್ಟೇ. ಹೇಳಲು ನಾಲ್ಕು ವಾಕ್ಯ ಸಾಕು, ದಾಟಲು ಸಾಕಾಗಲಿಲ್ಲ.

ಆಪರೇಶನ್ನಿಗೆ ಮುಂಚೆಯೇ ಮಾತಾಡಿಸಲು ನೆಂಟರು ಮನೆಗೆ ಬಂದಿದ್ದರು. ಕಾಯಿಲೆಯವರನ್ನು ನೋಡಲು ಬರುವವರಿಗೆ ಇನ್ನೊಬ್ಬರ ಸಾವಿನ ಸುದ್ದಿ ಹೇಳದೆ ಚಹಾ ಇಳಿಯುವುದಿಲ್ಲವೇನೋ! ದೂರದ ಸಂಬಂಧದ ಒಬ್ಬ ಅಜ್ಜಿ ನನ್ನ ಕಾಲಬುಡದಲ್ಲಿ ಕೂತು, "ನಮ್ಮ ಊರಾಗ ಒಬ್ಬಾಕಿಗೆ ಹಿಂಗ ಆಗಿತ್ರಿ. ಭಾಳ ದಿನಾ ಉಳೀಲಿಲ್ಲ" ಎಂದು ಶುರು ಮಾಡಿದಳು.

ಅತ್ತೆ ಚಹಾದ ಕಪ್ಪನ್ನು ಅವಳ ಕೈಗಿಟ್ಟು ಹೇಳಿದರು: "ನಿನ್ನ ಗಂಡಗ ಏನೂ ಆಗಿದ್ದಿಲ್ಲ. ಗಟ್ಟಿಮುಟ್ಟ ಇದ್ದ. ಆದ್ರೂ ಹ್ವಾದನಲ್ಲ?"

ಅಜ್ಜಿ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಕೊಲ್ಹಾಪುರದಲ್ಲಿ ಆಪರೇಶನ್ ಆದಾಗ ಗಾಯದ ನೀರು ಹೊರಗೆ ಬರಲೆಂದು ಪಕ್ಕೆಯಿಂದ ಎರಡು ನಳಿಗೆ ಬಿಟ್ಟಿದ್ದರು. ನಳಿಗೆಯ ತುದಿಗೆ ಎರಡು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಕೆಂಪು ನೀರು. ಕೂತರೂ ಎದ್ದರೂ ಅವನ್ನು ಹಿಡಿದುಕೊಂಡೇ ಇರಬೇಕು. ನಾನು ಪಾಯಖಾನೆಗೆ ಹೊರಟರೆ ಗಂಡ ಎರಡೂ ಡಬ್ಬಿ ಹಿಡಿದು, ಮುಖ ಅತ್ತ ತಿರುಗಿಸಿಕೊಂಡು, ವಧುವಿನ ಹಿಂದೆ ಕಳಶ ಹಿಡಿದವರ ಹಾಗೆ ಬರುತ್ತಿದ್ದರು. ಕೈ ಮೇಲೆತ್ತಲಾಗದ್ದರಿಂದ ಕುಪ್ಪಸ ತೊಡಲಾಗದು. ಸೆರಗೊಂದೇ ಆಸರೆ. ವಾರ್ಡಿಗೆ ಯಾರು ಬಂದರೂ ನಾನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ.

ಅತ್ತೆ ಅರ್ಧ ದಿನ ಆ ಡಬ್ಬಿಗಳನ್ನೇ ನೋಡುತ್ತ ಕೂತರು. ಸಂಜೆಯ ಬಸ್ಸಿಗೆ ಇಚಲಕರಂಜಿಗೆ ಹೋಗಿ, ಮರುದಿನ ಮೊದಲ ಬಸ್ಸಿಗೆ ಬಂದರು. ಕೈಯಲ್ಲಿ ಗಂಡನ ಟೀ ಶರ್ಟು. ಹಳೆಯದೂ ಅಲ್ಲ, ಕಂಪನಿ ಅದೇ ತಿಂಗಳು ಕೊಟ್ಟದ್ದು! ಮುಂದೆ ಉದ್ದಕ್ಕೆ ಸೀಳಿ, ಬಾಣಂತಿಯ ಕೂಸಿನ ಅಂಗಿಯ ಹಾಗೆ ಲಾಡಿ ಹಚ್ಚಿದ್ದರು. ಒಳಗಡೆ ಎರಡು ಕಿಸೆ. ಕಿಸೆಯಲ್ಲಿ ಡಬ್ಬಿ ಕೂತವು. ಮೇಲಿಂದ ಏನೂ ಕಾಣದು. ದೊಗಳೆ ಅಂಗಿಯಾದ್ದರಿಂದ ಎದೆ ಒಂದಿದೆಯೋ ಎರಡಿದೆಯೋ, ಅದೂ ತಿಳಿಯದು.

ಅದನ್ನು ಕಂಡ ನರ್ಸ್ ಬೆರಗಾದಳು. "ಇದು ಯಾವ ಅಂಗಡ್ಯಾಗ ಸಿಗತೈತ್ರಿ ಆಜಿ?"

"ಅಂಗಡ್ಯಾಗ ಸಿಗೂದಿಲ್ಲವಾ. ಗಂಡನ ಕಪಾಟಿನ್ಯಾಗ ಸಿಗತೈತಿ."

ಪಕ್ಕದ ಹಾಸಿಗೆಯಲ್ಲಿ ಕಾಗಲದ ಕಡೆಯ ಹೆಂಗಸು ಇದ್ದಳು. ನನ್ನಷ್ಟೇ ವಯಸ್ಸು. "ನನಗೂ ಒಂದ ಮಾಡಿ ಕೊಡ್ರಿ" ಎಂದು ಕೇಳಿದಳು. ಅತ್ತೆ ಮತ್ತೆ ಊರಿಗೆ ಹೋಗಿ ಮಾಡಿ ತಂದರು. ತರುವ ಹೊತ್ತಿಗೆ ಆ ಹಾಸಿಗೆಯನ್ನು ಮಡಚಿಟ್ಟಿದ್ದರು. ಅವಳ ಸಾಮಾನಿನ ಚೀಲವೂ ಇರಲಿಲ್ಲ. ಅತ್ತೆ ಆ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸುಕ್ಕೇ ಇಲ್ಲದ ಬಟ್ಟೆಯ ಸುಕ್ಕನ್ನು ಬಹಳ ಹೊತ್ತು ಅಂಗೈಯಿಂದ ತೀಡಿದರು. ಸಂಜೆ ಆ ಹಾಸಿಗೆಗೆ ಹೊಸಬಳು ಬಂದಳು. ಅತ್ತೆ ಎದ್ದು ಹೋಗಿ ಅವಳ ದಿಂಬಿನ ಪಕ್ಕ ಇಟ್ಟು ಬಂದರು. ಯಾರದೆಂದು ಹೇಳಲಿಲ್ಲ.

ಮುಂದೆ ಔಷಧಿ, ವಾಂತಿ, ಉದುರಿದ ಕೂದಲು. ಅವು ನಿಮಗೆ ಬೇಡ. ಕೂದಲು ಮತ್ತೆ ಬೆರಳಷ್ಟು ಬೆಳೆದಾಗ ಗಡಹಿಂಗ್ಲಜದಲ್ಲಿ ಅತ್ತೆಯ ತಮ್ಮನ ಮಗಳ ಮದುವೆ ಬಂತು. ನಾನು ಒಲ್ಲೆ ಎಂದೆ. ಕುಪ್ಪಸದ ಒಂದು ಬದಿ ಜೋತುಬಿದ್ದ ಚೀಲ. ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ, ಆಮೇಲೆ ಮುಖಕ್ಕೆ.

"ಆತು, ಹೋಗೂದ ಬ್ಯಾಡ" ಎಂದರು ಅತ್ತೆ. ನನಗೆ ಆಗಲೇ ಅನುಮಾನ ಬರಬೇಕಿತ್ತು!

ತೊಳೆದು ತೊಳೆದು ಬೆಣ್ಣೆಯಂತಾದ ಟೀ ಶರ್ಟು ಹುಡುಕಿ, ದುಂಡಗೆ ಕತ್ತರಿಸಿ, ಚಿಂದಿ ತುಂಬಿ ಹೊಲಿದುಕೊಟ್ಟರು. ಕುಪ್ಪಸದ ಖಾಲಿ ಬದಿಯಲ್ಲಿ ಇಟ್ಟುಕೊಂಡೆ. ಹಗುರಾಗಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಅದು ಮೇಲೆ ಹತ್ತಿ ಹತ್ತಿ ನನ್ನ ಹೆಗಲಿನ ಹತ್ತಿರ ಬಂದು ಕೂತಿತ್ತು. ಮಾವ ಊಟ ಮಾಡುತ್ತಿದ್ದವರು ನೋಡಿ, ಏನೆಂದು ಕೇಳಲಾಗದೆ, ಕೇಳದೆ ಇರಲಾಗದೆ, ಎದ್ದು ಕೈ ತೊಳೆದುಕೊಂಡರು.

ಆಮೇಲೆ ಅತ್ತೆ ತಮ್ಮನ ಮನೆಗೆಂದು ಒಬ್ಬರೇ ಎಸ್‌ಟಿ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಹೋಗಿಬಂದರು. ಬಂದವರು ಒಳಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ನೀರು ಕೊಡಲು ಹೋದೆ. ಅವರ ಎದೆಯ ಎಡಬದಿಯ ಚರ್ಮ ಕೆಂಪಗೆ ಎದ್ದು, ಗುಳ್ಳೆ ಬಂದಿತ್ತು.

"ಇದೇನ್ರಿ ಅತ್ತಿ?"

ಅವರು ಸೆರಗು ಎಳೆದುಕೊಂಡರು. "ಜ್ವಾಳ ಆಗೂದಿಲ್ಲ. ತೂಕ ಬರೊಬ್ಬರಿ ಐತಿ, ಖರೆ. ಆದ್ರ ಬೆವರಿಗೆ ಚುಚ್ಚತಾವ. ಸಾಸವಿ ಹಾಕಿ ನೋಡೂನು."

ಮಂಚದ ಮೇಲೆ ಜೋಳ ತುಂಬಿದ ದುಂಡನೆಯ ಚೀಲ ಬಿದ್ದಿತ್ತು. ಅದನ್ನು ತಮ್ಮ ಕುಪ್ಪಸದೊಳಗೆ ಇಟ್ಟುಕೊಂಡು, ಆ ಬಿಸಿಲಲ್ಲಿ, ಆ ಗದ್ದಲದ ಬಸ್ಸಿನಲ್ಲಿ, ಹೋಗಿ ಬಂದಿದ್ದರು! ನಾನು "ಕಂಡಕ್ಟರ ನೋಡ್ಲಿಲ್ಲೇನ್ರಿ?" ಎಂದೆ.

"ನೋಡಿದ. ಜಾಗಾ ಬಿಡಿಸಿ ಕೊಟ್ಟ. ಮುದಿಕಿಗೆ ಏನೋ ಬಾವು ಬಂದೈತಿ ಅಂದಕೊಂಡಿರಬೇಕ."

ಎಳೆಗೂಸಿನ ತಲೆಗೆ ಸಾಸಿವೆಯ ದಿಂಬು ಇಡುತ್ತಾರಲ್ಲ, ಹಾಗೆ ಎರಡು ಪದರ ಬಟ್ಟೆಯೊಳಗೆ ಸಾಸಿವೆ ತುಂಬಿದರು. ಅದು ಚುಚ್ಚಲಿಲ್ಲ, ಮೇಲೆ ಹತ್ತಲಿಲ್ಲ. ಮದುವೆಗೆ ಹೋದೆವು. ಅಲ್ಲಿ ಒಬ್ಬ ಹೆಂಗಸು ನನ್ನ ಎದೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡತೊಡಗಿದಳು. ನನ್ನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಅತ್ತೆ ನಡುವೆ ಬಂದು ನಿಂತರು.

"ಏನ ನೋಡ್ತಿ? ಸಾಸವಿ ಐತಿ. ಒಗ್ಗರಣಿಗೆ ಬೇಕೇನು?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಊಟ ಮಾಡಿದೆ.

ಇದನ್ನು ಇಲ್ಲಿಗೇ ನಿಲ್ಲಿಸುವ ಆಸೆ ನನಗೂ ಇದೆ. ಆದರೆ ಮೊನ್ನೆ ತಪಾಸಣೆಗೆಂದು ಅತ್ತೆ, ಗಂಡನ ಜೊತೆ ಕೊಲ್ಹಾಪುರಕ್ಕೆ ಹೋದಾಗ ಡಾಕ್ಟರು ವರದಿ ನೋಡಿ, ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಎಳೆದುಕೊಂಡಾಗಲೇ ನನಗೆ ತಿಳಿಯಿತು. ಬಲಗಡೆಗೂ ಬಂದಿದೆಯಂತೆ. ಅದನ್ನೂ ತೆಗೆಯಬೇಕು. ಆಮೇಲೆ ಏನೆಂದು ಗಂಡ ಕೇಳಿದರು. ಡಾಕ್ಟರು, "ಮೊದಲು ತೆಗೆಯೋಣ" ಎಂದಷ್ಟೇ ಹೇಳಿದರು. ಗಂಡ ನೀರು ತರುತ್ತೇನೆಂದು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ನೀರೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಕಾಲು ತೊಳೆದುಕೊಂಡು, ದೇವರಿಗೆ ಕೈ ಮುಗಿದು, ಕಪಾಟಿನಿಂದ ಒಂದು ಬಿಳಿ ಟೀ ಶರ್ಟು ತೆಗೆದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದ ಕಡೀದು ಆದಾಗ ಇನ್ನೊಂದಕ್ಕ ತೂಕ ಹೊಂದಸೂದ ಭಾಳ ತ್ರಾಸ ಆಗಿತ್ತು. ಇನ್ನ ಎರಡೂ ನಾವಽ ಮಾಡೂವು. ಎಷ್ಟ ಬೇಕೋ ಅಷ್ಟ ಹಾಕಿದ್ರಾತು. ಆ ಚಿಂತಿ ಹೋತು."

ನಾನು ನಕ್ಕೆ. ಅವರೂ ನಕ್ಕರು. ಬಟ್ಟೆ ಹರವಿ ಕತ್ತರಿ ಇಟ್ಟರು. ಇಟ್ಟ ಕತ್ತರಿ ಮುಂದೆ ಹೋಗಲಿಲ್ಲ.

"ಮೊಂಡ ಆಗೇತಿ ಇದು" ಎಂದರು. ಕತ್ತರಿ ಮೊಂಡಾಗಿರಲಿಲ್ಲ.

ನಾನು ಮೆಲ್ಲಗೆ ಕತ್ತರಿ ತೆಗೆದುಕೊಂಡೆ. "ನೀವು ಬಟ್ಟಿ ಹಿಡೀರಿ ಅತ್ತಿ. ನಾ ಕತ್ತರಸ್ತೇನಿ."

ಅವರು ಎರಡೂ ಕೈಯಿಂದ ಬಟ್ಟೆಯನ್ನು ಬಿಗಿಯಾಗಿ ಹಿಡಿದು ತಲೆ ತಗ್ಗಿಸಿದರು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿತ್ತು. ಪಕ್ಕದಲ್ಲಿ ಇನ್ನೊಂದು. ನಾನು ಕಾಣದವಳ ಹಾಗೆ ಅವನ್ನು ಬಳಸಿಕೊಂಡು ಕತ್ತರಿ ಓಡಿಸಿದೆ.

"ಸೊಟ್ಟ ಹೊಂಟೈತಿ ನೋಡು" ಎಂದರು ಮೂಗೆಳೆಯುತ್ತ. "ಸಾವಕಾಶ ಕತ್ತರಸ ಯವ್ವಾ. ಅವಸರ ಏನೈತಿ? ನಾ ಹಿಡಕೊಂಡೇನಿ."